ಪದ ಪರಿಚಯ: ನೀರು ಬಳಕೆದಾರರ ಸಹಕಾರ ಸಂಘ

ಊರಿನ ಹಾಲಿನ ಡೇರಿ ಗೊತ್ತಿದ್ದವರಿಗೆ ಈ ಉದ್ದದ ಹೆಸರು ಅರ್ಧ ಅರ್ಥವಾದ ಹಾಗೆಯೇ. ಡೇರಿಯಲ್ಲಿ ರೈತರು ಕರೆದ ಹಾಲನ್ನು ಒಟ್ಟುಮಾಡಿ ಮೇಲಕ್ಕೆ ಕಳಿಸುತ್ತಾರೆ. ಇಲ್ಲಿ ಉಲ್ಟಾ. ಮೇಲಿನಿಂದ ಬರುವ ಕಾಲುವೆ ನೀರನ್ನು ಒಟ್ಟಿಗೆ ಪಡೆದು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ.

ಆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಅಂದರೆ ಅದರ ನೀರು ಹಾಯುವ ಪ್ರದೇಶದಲ್ಲಿ, ಜಮೀನು ಇರುವವರೇ ಸದಸ್ಯರು. ನೋಂದಣಿ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ. 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ಸರ್ಕಾರ ಇವಕ್ಕೆ ಜಾಗ ಮಾಡಿಕೊಟ್ಟಿತು. ನೀರಾವರಿ ನಿಗಮ ಅಳೆದು, ಸಗಟಾಗಿ ಸಂಘಕ್ಕೆ ನೀರು ಕೊಡಬೇಕು. ಅಲ್ಲಿಂದ ಮುಂದೆ ಯಾರ ಸರದಿ ಯಾವಾಗ, ಹೊಲಗಾಲುವೆಯ ಹೂಳು ಯಾರು ತೆಗೆಯೋದು, ಯಾರ ನೀರಿನ ಕರ ಬಾಕಿ ಇದೆ ಅನ್ನೋದೆಲ್ಲ ಸಂಘದ ತಲೆನೋವು.

ಹೆಸರು ಹೊಸದು, ಕೆಲಸ ಹೊಸದಲ್ಲ. ಕೋಲಾರದ ಕಡೆ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ನೀರು ಹೊರಗೆ ಬಿಡುವ ತೂಬು ಎತ್ತೋದು, ಇಳಿಸೋದು ಅವನೊಬ್ಬನೇ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ಎಷ್ಟೋ ಕಡೆ ಅವನಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯೇ ಇರುತ್ತಿರಲಿಲ್ಲ. ತನ್ನ ಗದ್ದೆಯೇ ಇಲ್ಲದವನು ಯಾರ ಕಡೆ ನೀರು ತಿರುಗಿಸಿಕೊಂಡಾನು, ಅಲ್ವಾ? ಸಂಘದಲ್ಲಿ ಆ ಅನುಕೂಲ ಇಲ್ಲ. ತೂಬಿನ ಬಗ್ಗೆ ತೀರ್ಮಾನ ಮಾಡುವವರೆಲ್ಲ ನೀರಿಗೆ ಕಾದು ಕೂತವರೇ.

ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. 200 ಕಿ.ಮೀ.ಗೂ ಜಾಸ್ತಿ ಉದ್ದ. ಯೋಜನೆ ಮಾಡಿದವರು ಜಾಸ್ತಿ ಜಮೀನಿಗೆ ಅಂದಾಜು ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಆದರೆ ಗಂಗಾವತಿ ಕಡೆ ಕಣ್ಣು ಹಾಯಿಸಿದಷ್ಟೂ ಭತ್ತ. ಮೇಲ್ಭಾಗದಲ್ಲಿ ಗದ್ದೆ ತುಂಬಿ ನಿಂತಿರುವಾಗ ಮಾನ್ವಿ, ಸಿರವಾರದ ಕೊನೆ ಭಾಗದವರು ನೀರಿಗಾಗಿ ರಸ್ತೆ ತಡೆಗೆ ಕೂರುತ್ತಾರೆ. ಒಂದು ಉಪಕಾಲುವೆಯೊಳಗಿನ ಜಗಳವನ್ನು ಅಲ್ಲಿನ ಸಂಘ ಹೇಗೋ ಬಗೆಹರಿಸಬಹುದು. ಆದರೆ ನೂರು ಕಿಲೋಮೀಟರ್ ಆಚೆಯ ಭತ್ತದ ಮುಂದೆ ಅದರ ಆಟ ನಡೆಯಲ್ಲ. ಅದಕ್ಕೇ ಸಂಘಗಳ ಮೇಲೆ ಒಕ್ಕೂಟಗಳೂ ಇರಬೇಕು ಅಂತ ಕಾನೂನು ಹೇಳುತ್ತದೆ.

ನನಗೆ ಕೇಳಿದರೆ ಇದರಲ್ಲಿ ಮುಖ್ಯವಾದ ಪದ ‘ಸಹಕಾರ’ ಅಲ್ಲ, ‘ಅಳತೆ’. ತೂಬಿನ ಹತ್ತಿರ ಅಳತೆಪಟ್ಟಿಯೇ ಇಲ್ಲದಿದ್ದರೆ ಸಂಘಕ್ಕೆ ಎಷ್ಟು ನೀರು ಬಂತು ಅಂತ ನಿಗಮವೂ ಹೇಳಲಾರದು, ಕಡಿಮೆ ಬಂತು ಅಂತ ಸಂಘವೂ ವಾದ ಮಾಡಲಾರದು.