ಪರ್ಸೆಂಟ್ ಹೇಳುವುದು ಜಾಗದ ಲೆಕ್ಕ

ಸೋಲಾರ್ ಪ್ಯಾನೆಲ್ ಕೊಳ್ಳಲು ಹೊರಟವರು ಮೊದಲು ಕೇಳುವುದೇ ‘ದಕ್ಷತೆ ಎಷ್ಟು ಪರ್ಸೆಂಟ್?’ ಅಂತ. 22 ಅಂದರೆ ಒಳ್ಳೆಯದು, 16 ಅಂದರೆ ಕಳಪೆ ಎಂದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಇದು ತಪ್ಪು. ದಕ್ಷತೆ ಅಂದರೆ ಬಿದ್ದ ಬಿಸಿಲಿನಲ್ಲಿ ವಿದ್ಯುತ್ ಆಗುವ ಪಾಲು, ಅಷ್ಟೇ. 400 ವ್ಯಾಟಿನ ಪ್ಯಾನೆಲ್ ಯಾವ ಬಗೆಯದಾದರೂ ಅದರ ಅಳತೆ 400 ವ್ಯಾಟೇ. ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿನಲ್ಲಿ 22 ಪರ್ಸೆಂಟಿನದಕ್ಕೆ 1.8 ಚದರ ಮೀಟರ್ ಸಾಕು, 16ರದ್ದಕ್ಕೆ 2.5 ಬೇಕು. ವ್ಯತ್ಯಾಸ ಇರುವುದು ಜಾಗದಲ್ಲಿ.

ಈ ವ್ಯತ್ಯಾಸ ಹುಟ್ಟುವ ರೀತಿ ಬಹಳ ಸೊಗಸಾಗಿದೆ. ಇಂಥ ಪ್ಯಾನೆಲ್ ಮಾಡುವ ಸಿಲಿಕಾನ್ ಕರಗುವುದು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ದ್ರವಕ್ಕೆ ಪುಟ್ಟದೊಂದು ಹರಳನ್ನು ತಾಗಿಸಿ, ತಿರುಗಿಸುತ್ತಾ ನಿಧಾನಕ್ಕೆ ಮೇಲೆತ್ತಿದರೆ ಇಡೀ ಗಟ್ಟಿ ಒಂದೇ ಹರಳಾಗಿ ಬೆಳೆಯುತ್ತದೆ. ಪೋಲೆಂಡಿನ ಯಾನ್ ಚೋಕ್ರಾಲ್ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನ ಇದು. ಶಾಯಿ ಎಂದುಕೊಂಡು ಕರಗಿದ ತವರದಲ್ಲಿ ಪೆನ್ನು ಅದ್ದಿದಾಗ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಹೀಗೆ ಬೆಳೆದ ಗಟ್ಟಿ ಉರುಟಾಗಿರುತ್ತದೆ. ಬದಿಗಳನ್ನು ಕತ್ತರಿಸಿ ಚೌಕ ಮಾಡುತ್ತಾರೆ. ಅನೇಕ ಮೋನೊ (ಒಂದೇ ಹರಳಿನ) ಪ್ಯಾನೆಲ್‌ಗಳಲ್ಲಿ ಪ್ರತಿ ಕೋಶದ (ಸೆಲ್) ಮೂಲೆ ಸವರಿದಂತೆ ಕಾಣುವುದು ಅದಕ್ಕೇ.

ಪಾಲಿಯಲ್ಲಿ, ಅಂದರೆ ಹಲವು ಹರಳಿನ ಬಗೆಯಲ್ಲಿ, ದ್ರವವನ್ನು ಅಚ್ಚಿನಲ್ಲೇ ಆರಿಸುತ್ತಾರೆ. ನೂರಾರು ಹರಳುಗಳು ಒಟ್ಟಿಗೆ ಬೆಳೆದು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ನೀಲಿ ಚೂರುಗಳ ಹಾಗೆ ಕಣ್ಣಿಗೇ ಕಾಣುತ್ತವೆ. ಅವು ಸೇರುವ ಅಂಚಿನಲ್ಲಿ ಪರಮಾಣುಗಳ ಜೋಡಣೆ ಕೆಟ್ಟಿರುತ್ತದೆ. ಬೆಳಕು ಬಿಡಿಸಿದ ಎಲೆಕ್ಟ್ರಾನ್ ತಂತಿ ಮುಟ್ಟುವ ಮೊದಲೇ ಅಲ್ಲಿ ಸಿಕ್ಕಿಬೀಳುತ್ತದೆ, ವಿದ್ಯುತ್ ಆಗಬೇಕಿದ್ದದ್ದು ಸುಮ್ನೆ ಶಾಖವಾಗಿ ಹೋಗುತ್ತದೆ. ಈಗ ತಯಾರಾಗುವುದು ಬಹುಪಾಲು ಮೋನೊನೇ. ಪಾಲಿ ಹಿಂದೆ ಸರಿದಿದೆ.

‘ಬಿಸಿ ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ’ ಅನ್ನುವುದಂತೂ ಪೂರಾ ಉಲ್ಟಾ. ಪ್ಯಾನೆಲ್‌ಗೆ ಬೇಕಿರುವುದು ಬೆಳಕು, ಶಾಖವಲ್ಲ. ಅದರ ವ್ಯಾಟ್ ಅಳತೆ ಮಾಡುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಮೇಲೆ ಸಿಲಿಕಾನ್ ಪ್ಯಾನೆಲ್ ಪ್ರತಿ ಡಿಗ್ರಿಗೆ ಸುಮಾರು 0.3ರಿಂದ 0.4 ಪರ್ಸೆಂಟ್ ಕಳೆದುಕೊಳ್ಳುತ್ತದೆ. ಕೋಶ 65 ಡಿಗ್ರಿಗೆ ಕಾದರೆ 12ರಿಂದ 16 ಪರ್ಸೆಂಟ್ ಖೋತಾ. ಗಾಜಿನ ಮೇಲೆ ಕೆಲವೇ ಮೈಕ್ರಾನ್ ದಪ್ಪಕ್ಕೆ ಲೇಪಿಸುವ ಕ್ಯಾಡ್ಮಿಯಂ ಟೆಲ್ಯುರೈಡ್ ಥಿನ್ ಫಿಲ್ಮ್ ಎಂಬ ಬೇರೆ ಬಗೆಯ ಪ್ಯಾನೆಲ್‌ಗೆ ಈ ನಷ್ಟ ಸಾಮಾನ್ಯವಾಗಿ ಕಡಿಮೆ.

ಮನೆಯ ಚಾವಣಿ ಚಿಕ್ಕದು, ಅಲ್ವಾ? ಅಲ್ಲಿ ಮೋನೊನೇ ಸರಿ. ಕಾರ್ಖಾನೆಯ ಅಗಲವಾದ ಚಾವಣಿಗೆ ಪ್ರತಿ ವ್ಯಾಟಿನ ಖರ್ಚೇ ಮುಖ್ಯ, ದಕ್ಷತೆ ನಂತರದ್ದು. ಎರಡು ಕಡೆಯೂ ಪ್ಯಾನೆಲ್‌ನ ವಿವರಪಟ್ಟಿಯಲ್ಲಿ ಪ್ರತಿ ಡಿಗ್ರಿಗೆ ಎಷ್ಟು ನಷ್ಟ ಅನ್ನುವ ಸಾಲನ್ನು ಹುಡುಕಿ ಓದಿ. ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡುತ್ತಾರಾ ಅಂತಲೂ ಕೇಳಿ.