ಹೊಸ್ತಿಲ ಮೇಲಿನ ನಿಂಬೆಹೋಳು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ದೊಡ್ಡಮ್ಮನ ಹೊಸ ಮನೆಯ ಗೃಹಪ್ರವೇಶವಾದ ಮರುದಿನ ಹೊಸ್ತಿಲ ಅಮೃತಶಿಲೆಯ ಮೇಲೆ ಎರಡು ಮಂಕು ಉಂಗುರಗಳು ಕಂಡವು. ಕುಂಕುಮ ಹಚ್ಚಿದ ನಿಂಬೆಹೋಳುಗಳು ರಾತ್ರಿಯಿಡೀ ಅಲ್ಲೇ ಇದ್ದವು. ಸೋಪಿಗೂ ಸೀಮೆಎಣ್ಣೆಗೂ ಉಂಗುರಗಳು ಜಗ್ಗಲಿಲ್ಲ. ಕೊನೆಗೆ ಬಚ್ಚಲು ತೊಳೆಯುವ ಆ್ಯಸಿಡ್ ಸುರಿದರು; ಅವು ಇನ್ನಷ್ಟು ಅಗಲವಾದವು. 'ಯಾರದೋ ದೃಷ್ಟಿ ತಾಗಿದೆ, ಶಾಂತಿ ಮಾಡಿಸಿ' ಎಂದರು ನೆಂಟರೊಬ್ಬರು. ಹೊಸ ಮನೆಗೆ ಬಂದ ಸಂತೋಷವೆಲ್ಲ ದೊಡ್ಡಮ್ಮನ ಮುಖದಿಂದ ಇಳಿದುಹೋಯಿತು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಆ ಉಂಗುರ ಕೊಳೆಯಲ್ಲ. ಅಲ್ಲಿ ಕಲ್ಲೇ ಕಾಣೆಯಾಗಿದೆ. ಅಮೃತಶಿಲೆ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಯ ಸಿಟ್ರಿಕ್ ಆಮ್ಲ ಅದನ್ನು ಮುಟ್ಟಿದೊಡನೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಡುತ್ತದೆ, ಮೇಲ್ಪದರ ಕರಗುತ್ತದೆ. ಇಲ್ಲದಿರುವುದನ್ನು ಉಜ್ಜಿ ತೆಗೆಯುವುದು ಹೇಗೆ?

ಕರಗಿದ್ದು ಕೂದಲೆಳೆಗಿಂತಲೂ ತೆಳುವಾದ ಪದರವಾದರೂ ಹೊಳಪು ಹೋಗಲು ಅಷ್ಟು ಸಾಕು. ಗಾಳಿಯಿಲ್ಲದ ಹೊತ್ತಿನಲ್ಲಿ ಕೆರೆಯಲ್ಲಿ ದೇವಸ್ಥಾನದ ಗೋಪುರ ನೆಟ್ಟಗೆ ಕಾಣುತ್ತದೆ. ಸಣ್ಣ ಅಲೆ ಎದ್ದರೆ ನೀರು ಅಷ್ಟೇ ಇದ್ದರೂ ಗೋಪುರ ಚೂರುಚೂರು. ಹೊಸ ಸ್ಟೀಲ್ ತಟ್ಟೆಯಲ್ಲಿ ಮುಖ ಕಾಣುತ್ತದೆ. ವರ್ಷಗಟ್ಟಲೆ ಬೂದಿಯಲ್ಲಿ ತಿಕ್ಕಿದ ತಟ್ಟೆಯಲ್ಲಿ ಕಾಣದು. ದಾದರ್ ಸ್ಟೇಷನ್ನಿನ ಸೇತುವೆಯನ್ನು ಸಾಲಾಗಿ ಇಳಿಯುತ್ತಿರುವ ಜನರ ಕಾಲಡಿ ಮೆಟ್ಟಿಲುಗಳು ಒಡೆದಿವೆ ಎಂದುಕೊಳ್ಳಿ, ಒಬ್ಬೊಬ್ಬರು ಒಂದೊಂದು ಕಡೆಗೆ ವಾಲುತ್ತಾರೆ. ಬೆಳಕಿನ ಕಿರಣಗಳ ಗತಿಯೂ ಅದೇ. ಅದರ ಅಲೆಯುದ್ದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಕಲ್ಲಿನ ಮೇಲಿನ ಗುಳಿಗಳು ಆ ಅಳತೆಗೆ ಬಂದರೆ ಕಿರಣಗಳು ಚದುರಿ ಕಣ್ಣಿಗೆ ಮಂಕು ಕಾಣುತ್ತದೆ. ಅಡುಗೆಮನೆಯ ಕಪ್ಪು ಕಡಪ ಕಟ್ಟೆಯ ಮೇಲೆ ಹುಣಸೆರಸ ಚೆಲ್ಲಿ ಬೂದುಬಣ್ಣಕ್ಕೆ ತಿರುಗಿದಾಗ ತೆಂಗಿನೆಣ್ಣೆ ಸವರುತ್ತಾರಲ್ಲ, ಎಣ್ಣೆ ಆ ಗುಳಿಗಳನ್ನು ತುಂಬುವುದರಿಂದ ಕಪ್ಪು ಮರಳುತ್ತದೆ. ಎಣ್ಣೆ ಹೋದೊಡನೆ ಬೂದುಬಣ್ಣ ಮತ್ತೆ ಹಾಜರು.

ಕಡಪ ಮಾತ್ರವಲ್ಲ, ರಾಜಸ್ಥಾನದ ಕೋಟಾ ಕಲ್ಲೂ ಸುಣ್ಣಕಲ್ಲೇ, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಮುಂಬಯಿಯ ಹಳೆಯ ಚಾಳುಗಳಲ್ಲಿ 'ಶಹಾಬಾದಿ ಫರಶಿ' ಎಂದು ಕರೆಸಿಕೊಳ್ಳುವ, ನಮ್ಮ ಕಲಬುರಗಿ ಸೀಮೆಯ ಕಲ್ಲೂ ಅದೇ ಜಾತಿ. ಗ್ರಾನೈಟ್ ಮಾತ್ರ ನಿಂಬೆಗೆ ಹೆದರುವುದಿಲ್ಲ.

ಇಲ್ಲೊಂದು ಸೋಜಿಗವಿದೆ. ಹುಳಿಯಿಂದ ಕೆಟ್ಟ ಕಲ್ಲಿಗೆ ಮದ್ದೂ ಹುಳಿಯೇ! ಮೇಸ್ತ್ರಿಗಳು ವಜ್ರದ ಹುಡಿ ಕೂರಿಸಿದ ಪ್ಯಾಡುಗಳಿಂದ, ಒರಟಿನಿಂದ ನಯದ ಕಡೆಗೆ, ನೀರು ಹಾಕುತ್ತ ಕಲ್ಲನ್ನು ಉಜ್ಜಿದ ಮೇಲೆ ಕೊನೆಗೆ ಹಚ್ಚುವುದು ಆಕ್ಸಾಲಿಕ್ ಆಮ್ಲದ ಪುಡಿ. ನಿಂಬೆ ಕಲ್ಲನ್ನು ಕರಗಿಸಿ ನೀರಿಗೆ ಬಿಟ್ಟರೆ, ಆಕ್ಸಾಲಿಕ್ ಆಮ್ಲ ಅದೇ ಕ್ಯಾಲ್ಸಿಯಂನೊಡನೆ ಸೇರಿ ನೀರಿನಲ್ಲಿ ಬಹುತೇಕ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಅಲ್ಲೇ ಕೂರುತ್ತದೆ. ಪತ್ರೊಡೆಗೆ ತಂದ ಹಸಿ ಕೆಸುವಿನೆಲೆ ಗಂಟಲು ತುರಿಸುವುದು ಇದೇ ಲವಣದ ಸೂಜಿಹರಳುಗಳಿಂದ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವೂ ಇದರವೇ. ಆಕ್ಸಾಲಿಕ್ ಆಮ್ಲಕ್ಕೆ ಆ ಹೆಸರು ಬಂದದ್ದು ನಮ್ಮ ಪುಲ್ಲಂಪುರಚಿಯ ಕುಲದ (ಆಕ್ಸಾಲಿಸ್) ಹುಳಿಸೊಪ್ಪಿನಿಂದ. 1776ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಸಕ್ಕರೆ ಮತ್ತು ನೈಟ್ರಿಕ್ ಆಮ್ಲದಿಂದ ಅದನ್ನು ತಯಾರಿಸಿದ. 1824ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಅದನ್ನು ಇಂಗಾಲ, ಸಾರಜನಕಗಳ ಅನಿಲವಾದ ಸಯನೋಜೆನ್‌ನಿಂದ ಪಡೆದ. ಜೀವಿಗಳಲ್ಲಿ ಮಾತ್ರ ಹುಟ್ಟುತ್ತದೆ ಎಂದು ಆಗ ನಂಬಿದ್ದ ವಸ್ತುವೊಂದು ಜೀವಿಯ ನೆರವಿಲ್ಲದೆ ಹುಟ್ಟಿತ್ತು. ಮೂತ್ರದಲ್ಲಿರುವ ಯೂರಿಯಾವನ್ನು ಜೀವಿಯ ನೆರವಿಲ್ಲದೆ ತಯಾರಿಸಿದ ಆತನ ಪ್ರಸಿದ್ಧ ಪ್ರಯೋಗಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಆಕ್ಸಾಲಿಕ್ ಆಮ್ಲದ ಪುಡಿ ವಿಷ, ಮಕ್ಕಳ ಕೈಗೆ ಸಿಗಬಾರದು.

ಕುಂಕುಮದ ಕೆಂಪಿನ ಕತೆ ಬೇರೆ. ಅದು ಕಲ್ಲಿನ ರಂಧ್ರಗಳಿಗೆ ಇಳಿದ ಬಣ್ಣ. ಒದ್ದೆ ಮಣ್ಣನ್ನು ದಪ್ಪಗೆ ಮೆತ್ತಿ ಒಣಗಲು ಬಿಟ್ಟರೆ, ಮೇಲೇರುವ ತೇವದೊಡನೆ ಬಣ್ಣವೂ ಮಣ್ಣಿಗೆ ಏರುತ್ತದೆ. ತಾಜಮಹಲಿನ ಹಳದಿ ಕೊಳೆ ತೆಗೆಯಲು ಮುಲ್ತಾನಿ ಮಣ್ಣನ್ನು ಮೆತ್ತುವುದೂ ಇದೇ ಕಾರಣಕ್ಕೆ.

ದಿನನಿತ್ಯದ ಆರೈಕೆಗೆ ಆಮ್ಲವೂ ಕ್ಷಾರವೂ ಅಲ್ಲದ ದ್ರವ ಮಾರ್ಜಕ ಬೆರೆಸಿದ ನೀರು ಸಾಕು. ಆದರೆ ಒರೆಸುವ ಮೊದಲು ಗುಡಿಸಬೇಕು. ಮರಳಿನ ಗಡಸುತನ, ಒಂದರಿಂದ ಹತ್ತರವರೆಗೆ ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ, 7, ಅಮೃತಶಿಲೆಯದು 3. ಗುಡಿಸದೆ ಒರೆಸಿದರೆ ಬಟ್ಟೆಯೇ ಅರವಾಗುತ್ತದೆ.

ದೊಡ್ಡಮ್ಮನ ಹೊಸ್ತಿಲಿಗೆ ಶಾಂತಿಯ ಬದಲು ಪಾಲಿಶ್ ಮೇಸ್ತ್ರಿ ಬಂದ. ಮಧ್ಯಾಹ್ನದೊಳಗೆ ಉಂಗುರಗಳು ಹೋದವು. ಆ ವರ್ಷದ ಆಯುಧಪೂಜೆಗೆ ದೊಡ್ಡಮ್ಮ ನಿಂಬೆಹೋಳುಗಳ ಕೆಳಗೆ ಬಾಳೆಲೆಯ ತುಂಡು ಹಾಸಿದ್ದರು.