ನೀರು ಯಾವಾಗ ಸೋರುತ್ತದೆ?

ಹಳೆಯ ಗಾಡಿಯನ್ನು ಗ್ಯಾರೇಜಿಗೆ ತಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ನೀರು ಕುಡಿಯುತ್ತದೆ, ಆದರೆ ಸೋರುವುದು ಎಲ್ಲೂ ಕಾಣಿಸುವುದಿಲ್ಲ." ಎಂಜಿನ್ನನ್ನು ತಣ್ಣಗಿಡುವ ರೇಡಿಯೇಟರ್ ನೀರಿನ ಮಾತು ಅದು. ಎಲ್ಲಿ ಎಂದು ಹುಡುಕುವ ಮೊದಲು ಯಾವಾಗ ಎಂದು ಕೇಳುವುದು ನನ್ನ ರೂಢಿ. ರಾತ್ರಿ ಶೆಡ್ಡಿನಲ್ಲಿ ನಿಂತಿರುವಾಗಲೋ, ಘಾಟಿ ಹತ್ತುವಾಗಲೋ, ಮನೆಗೆ ಬಂದು ಎಂಜಿನ್ ಆರಿಸಿದ ಹತ್ತು ನಿಮಿಷದ ಮೇಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಕಷ್ಟವೆಂದರೆ, ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ ಬಾನೆಟ್ ಎತ್ತದವರಿಗೆ ಆ ಉತ್ತರ ಗೊತ್ತಿರುವುದಿಲ್ಲ. ಅಂಥವರಿಗೆ ನಾನು ಕೊಡುವ ಮೊದಲ ಔಷಧ ಹಳೆಯ ದಿನಪತ್ರಿಕೆ. ರಾತ್ರಿ ಎಂಜಿನ್ ಕೆಳಗೆ ಹಾಸಿ, ಬೆಳಿಗ್ಗೆ ಕಲೆ ಬಿದ್ದ ಜಾಗ ಮತ್ತು ಬಣ್ಣ ನೋಡಿ ಬನ್ನಿ. ಏಸಿ ಹಾಕಿಕೊಂಡು ಬಂದ ಗಾಡಿಯಿಂದ ತೊಟ್ಟಿಕ್ಕುವ ತಿಳಿನೀರನ್ನು ಕಂಡು ಗಾಬರಿಯಾಗಿ ಓಡಿ ಬರುವವರೂ ಇದ್ದಾರೆ; ಅದು ಸೋರಿಕೆಯಲ್ಲ.

ಚಿಕ್ಕಮಗಳೂರಿನ ಗಾಡಿಗಳಿಗೆ ಒಂದೇ ದಿನದಲ್ಲಿ ಎರಡು ಹವೆ. ಬೆಳಿಗ್ಗೆ ಮಂಜಿನಲ್ಲಿ ಹೊರಟ ಜೀಪು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಮಧ್ಯಾಹ್ನಕ್ಕೆ ಉಜಿರೆಯ ಸೆಕೆಯಲ್ಲಿರುತ್ತದೆ, ಸಂಜೆ ಅದೇ ಘಾಟಿಯನ್ನು ಎರಡನೇ ಗೇರಿನಲ್ಲಿ ಏರಿ ಬರಬೇಕು. ತಣ್ಣಗಿದ್ದಾಗ ಸೋರುವ ರೋಗವೂ ಬಿಸಿಯಾದಾಗ ಸೋರುವ ರೋಗವೂ ಇಲ್ಲಿ ಬೇಗ ಬಯಲಾಗುತ್ತವೆ.

ತಣ್ಣನೆಯ ಸೋರಿಕೆ ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿನ ಹೊತ್ತಿಗೆ ಹೆಚ್ಚು. ತೋಟದ ಶೆಡ್ಡಿನಲ್ಲಿ ಬೆಳಿಗ್ಗೆ ಅಂಗೈಯಗಲ ಒದ್ದೆ ಕಾಣುತ್ತದೆ. ಎಂಜಿನ್ ಬಿಸಿಯಾಯಿತೆಂದರೆ ಒಂದು ಹನಿಯೂ ಇಲ್ಲ. ಕಾರಣ ಸಾಮಾನ್ಯವಾಗಿ ಹೋಸ್ ಪೈಪಿನ ತುದಿ. ವರ್ಷಗಟ್ಟಲೆ ಬೆಂದ ರಬ್ಬರ್ ಗಟ್ಟಿಯಾಗಿ ತನ್ನ ಹಿಡಿತ ಕಳೆದುಕೊಂಡಿರುತ್ತದೆ. ಚಳಿಗೆ ಹೋಸ್ ಕೂತಿರುವ ಲೋಹದ ಕತ್ತು ಕುಗ್ಗಿದಾಗ ರಬ್ಬರ್ ಅದರ ಜೊತೆ ಕುಗ್ಗದೆ ಸಂದು ಬಿಡುತ್ತದೆ, ಬಿಸಿಗೆ ಕತ್ತು ಹಿಗ್ಗಿದಾಗ ಸಂದು ಮುಚ್ಚುತ್ತದೆ. ಎಲ್ಲರೂ ಮಾಡುವುದು ಕ್ಲಿಪ್ ಬಿಗಿಮಾಡುವ ಕೆಲಸ. ಒಮ್ಮೆ ಮಾಡಿ ನೋಡಬಹುದು. ಮತ್ತೆ ಮತ್ತೆ ತಿರುಪಿದರೆ ಸ್ಕ್ರೂ ಕ್ಲಿಪ್ಪಿನ ಪಟ್ಟಿ ರಬ್ಬರನ್ನೇ ಕೊರೆಯುತ್ತದೆ. ಹೋಸ್ ಕಳಚಿ ಅದರೊಳಗಿನ ಕತ್ತನ್ನು ನೋಡಬೇಕು. ಅಲ್ಯೂಮಿನಿಯಂ ಕತ್ತು ಹೋಸಿನ ಅಡಿಯಲ್ಲೇ ಬಿಳಿಯ ಹುಡಿಗಟ್ಟಿ ಗುಳಿ ಬಿದ್ದಿದ್ದರೆ ಹೊಸ ಹೋಸ್ ಕೂಡ ಹೆಚ್ಚು ದಿನ ಹಿಡಿಯುವುದಿಲ್ಲ. ಸಣ್ಣ ಉಪ್ಪುಕಾಗದದಿಂದ ಉಜ್ಜಿ ನಯಮಾಡಬೇಕು, ಗುಳಿ ಆಳವಾಗಿದ್ದರೆ ಆ ಭಾಗವನ್ನೇ ಬದಲಿಸಬೇಕು. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಕಿತ್ತೆಸೆದು ಸ್ಕ್ರೂ ಕ್ಲಿಪ್ ಹಾಕಿಸಿಕೊಳ್ಳುವ ಹುಚ್ಚು ಹಲವರಿಗಿದೆ. ಹಿಗ್ಗು ಕುಗ್ಗಿಗೆ ತಾನೇ ಹೊಂದಿಕೊಳ್ಳುವುದು ಸ್ಪ್ರಿಂಗ್ ಕ್ಲಿಪ್. ಅದು ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿ.

ಈ ಬಗೆಯ ಸೋರಿಕೆಯನ್ನು ಮಧ್ಯಾಹ್ನ ಬಿಸಿ ಗಾಡಿ ತಂದು ನಿಲ್ಲಿಸಿದರೆ ಯಾರಿಂದಲೂ ಕಂಡುಹಿಡಿಯಲಾಗದು. ರಾತ್ರಿ ಬಿಟ್ಟು ಹೋಗಿ ಎಂದರೆ ಮುಖ ಸಿಂಡರಿಸುತ್ತಾರೆ. ಬೆಳಿಗ್ಗೆ ಎಂಜಿನ್ ಮುಟ್ಟುವ ಮೊದಲೇ ರೇಡಿಯೇಟರ್ ಬಾಯಿಗೆ ಕೈಪಂಪಿನ ಪರೀಕ್ಷಕ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟು ಒತ್ತಡ ತುಂಬಿ, ಕಾಲು ಗಂಟೆ ಮಾಪಕ ನೋಡುತ್ತಾ ಕೂರಬೇಕು. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಹುಡುಕುವುದಷ್ಟೇ ಬಾಕಿ. ಬರೆದದ್ದಕ್ಕಿಂತ ಹೆಚ್ಚು ಒತ್ತಡ ತುಂಬಿ ಇಲ್ಲದ ಸೋರಿಕೆಯನ್ನು ಹುಟ್ಟಿಸುವ ಉತ್ಸಾಹಿಗಳೂ ಇದ್ದಾರೆ.

ಇನ್ನು ಕ್ಯಾಪ್. ಇಡೀ ವ್ಯವಸ್ಥೆಯಲ್ಲಿ ಅಗ್ಗದ ಭಾಗ, ಜನ ಕೊನೆಗೆ ನೋಡುವ ಭಾಗ. ಬಹುಪಾಲು ಕಾರುಗಳ ಕ್ಯಾಪ್ ಮೇಲೆ, ಬಾರ್ ಎಂಬ ಒತ್ತಡದ ಮಾನದಲ್ಲಿ, 0.9 ಅಥವಾ 1.1 ಎಂದಿರುತ್ತದೆ, ಹಳೆಯ ಜೀಪುಗಳಲ್ಲಿ ಇನ್ನೂ ಕಡಿಮೆ. ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ತಡೆಯಬೇಕು ಎಂಬ ಲೆಕ್ಕ ಅದು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ನೆಮ್ಮದಿಯಿಂದ ಓಡುವ ಶಾಖವೂ ಅದರ ಆಸುಪಾಸಿನದೇ. 0.9ರ ಕ್ಯಾಪ್ ಸರಿಯಾಗಿದ್ದರೆ ಅದೇ ತುದಿಯಲ್ಲೂ ಬರಿಯ ನೀರು ಸುಮಾರು 115 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಕ್ಯಾಪ್ ಸ್ಪ್ರಿಂಗ್ ಸಡಿಲವಾದರೆ? "ಊರಲ್ಲಿ ಓಡಿಸಿದರೆ ಏನೂ ಇಲ್ಲ, ಗಿರಿ ಹತ್ತಿಸಿದರೆ ಕುದಿಯುತ್ತದೆ" ಎಂಬ ದೂರು ಬರುತ್ತದೆ. ಕೈಮರ ದಾಟಿ ಏರು ಶುರುವಾದ ಮೇಲೆ ಕುದಿಯುವ ಗಾಡಿಯ ರೇಡಿಯೇಟರ್ ಬದಲಿಸುವ ಮೊದಲು ಕ್ಯಾಪ್ ಬದಲಿಸಿ ನೋಡಿ.

ಎಂಜಿನ್ ಆರಿಸಿದ ಮೇಲೆ ರಿಸರ್ವ್ ಡಬ್ಬಿ ಉಕ್ಕಿ ಹರಿಯುವುದಕ್ಕೂ ಹಲವು ಬಾರಿ ಕ್ಯಾಪೇ ಕಾರಣ. ನೀರು ಸುತ್ತಿಸುವ ಪಂಪ್ ನಿಂತ ಕೂಡಲೇ ಎಂಜಿನ್ ಬ್ಲಾಕಿನ ಬಿಸಿಯೆಲ್ಲ ನಿಂತ ನೀರಿಗೆ ಇಳಿದು ಒತ್ತಡ ಏರುತ್ತದೆ. ತಣ್ಣಗಾಗುವಾಗ ಡಬ್ಬಿಗೆ ಹೋದ ನೀರು ಕ್ಯಾಪಿನ ನಡುವಿನ ಪುಟ್ಟ ಕವಾಟದ ಮೂಲಕ ಹಿಂತಿರುಗಬೇಕು. ಆ ಕವಾಟ ಅಂಟಿಕೊಂಡರೆ ಬೆಳಿಗ್ಗೆ ಮೇಲಿನ ಹೋಸ್ ಹೀರಿದಂತೆ ಚಪ್ಪಟೆಯಾಗಿರುತ್ತದೆ. ಡಬ್ಬಿಯ ಸಣ್ಣ ಪೈಪ್ ಸೀಳಿದ್ದರೆ ರೇಡಿಯೇಟರ್ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಡಬ್ಬಿ ತುಂಬಿದೆ, ರೇಡಿಯೇಟರ್ ಖಾಲಿ. ಡಬ್ಬಿಯನ್ನಷ್ಟೇ ನೋಡಿ ಸಮಾಧಾನಪಡುವವರು ಸಿಕ್ಕಿಬೀಳುವುದು ಇಲ್ಲೇ.

ಬಿಸಿ ಒತ್ತಡದಲ್ಲಿ ಮಾತ್ರ ಸೋರುವ ಜಾಗಗಳಲ್ಲಿ ಹನಿ ಕಾಣುವುದಿಲ್ಲ, ಬಿದ್ದಲ್ಲೇ ಆವಿಯಾಗುತ್ತದೆ. ಹುಡುಕಬೇಕಾದದ್ದು ಒಣಗಿದ ಗುರುತು: ಕೂಲೆಂಟ್ (ನೀರಿಗೆ ಬೆರೆಸುವ ಬಣ್ಣದ ದ್ರವ) ಹಾಕಿದ ಗಾಡಿಯಲ್ಲಿ ಹಸಿರು ಅಥವಾ ಗುಲಾಬಿ ಹೊಪ್ಪಳೆ, ಬರಿಯ ನೀರು ತುಂಬಿದ ಗಾಡಿಯಲ್ಲಿ ತುಕ್ಕಿನ ಜಾಡು. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಅಂಚಿಗೆ ಸೇರುವ ಗೆರೆ, ಸೈಲೆನ್ಸರ್ ಪೈಪಿನ ಹಿಂದೆ ಬ್ಲಾಕಿಗೆ ಬಡಿದ ಉಕ್ಕಿನ ಬಿರಡೆಗಳು, ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರ. ಈ ರಂಧ್ರವನ್ನು ಎಂ ಸೀಲ್ ಹಾಕಿ ಮುಚ್ಚಿದ ಗಾಡಿಗಳನ್ನು ಕಂಡಿದ್ದೇನೆ. ಒಳಗಿನ ಸೀಲ್ ಸವೆದಿದೆ ಎಂದು ತಿಳಿಸಲೆಂದೇ ಇಟ್ಟ ರಂಧ್ರವದು. ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಎಂಜಿನ್ ಆಗಿದ್ದರೆ ಪಂಪಿನ ಜೊತೆ ಬೆಲ್ಟನ್ನೂ ಬದಲಿಸಿ. ಹೇಗೂ ಬಿಚ್ಚುವ ಕೂಲಿ ಒಂದೇ.

ಹೊರಗೆ ಎಲ್ಲೂ ಗುರುತಿಲ್ಲದಿದ್ದರೆ ಉಳಿಯುವುದು ಎರಡು. ಒಂದು, ಡ್ಯಾಶ್‌ಬೋರ್ಡಿನೊಳಗಿನ ಹೀಟರ್. ಮಳೆಗಾಲದಲ್ಲಿ ಗಾಜು ಒರೆಸಲು ಹೀಟರ್ ಹಾಕಿದಾಗ ಸಿಹಿ ವಾಸನೆ, ಒರೆಸಿದಷ್ಟೂ ಹರಡುವ ಜಿಡ್ಡು ಮಂಜು, ಕಾಲಡಿಯ ಮ್ಯಾಟ್ ಒದ್ದೆ. ಇನ್ನೊಂದು, ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್, ಎಂದರೆ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸಂದು ಮುಚ್ಚುವ ಹಾಳೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ತಣ್ಣನೆಯ ಎಂಜಿನ್ ಶುರುಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಏಳುವ ಗುಳ್ಳೆ, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ ಆಯಿಲ್ ಇದರ ಲಕ್ಷಣಗಳು. ಎಚ್ಚರ: ಜೂನ್, ಜುಲೈಯಲ್ಲಿ ಪೇಟೆಯೊಳಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗಳ ಆಯಿಲ್ ಮುಚ್ಚಳದ ಒಳಗೆ ಬರಿಯ ತೇವದಿಂದಲೇ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಶುದ್ಧವಾಗಿದ್ದರೆ ಆ ಕೆನೆಯೊಂದನ್ನೇ ನಂಬಿ ಹೆಡ್ ಬಿಚ್ಚಿಸಬೇಡಿ. ನೀಲಿ ದ್ರಾವಣದ ಪರೀಕ್ಷೆ ಕೇಳಿ. ಸುಟ್ಟ ಅನಿಲ ನೀರಿನ ಕಡೆಗೆ ನುಗ್ಗುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ.

ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವ ಮನೆಮದ್ದಿನ ಬಗ್ಗೆ ಕೇಳುತ್ತಾರೆ. ಸೂಜಿಮೊನೆಯ ತೂತಾದರೆ ನಿಲ್ಲಲೂಬಹುದು, ನಡುರಾತ್ರಿ ಕಾಡಿನ ದಾರಿಯಲ್ಲಿ ನಾನೂ ಬೇಡ ಎನ್ನಲಾರೆ. ಆದರೆ ಆ ಪುಡಿಗೆ ತೂತು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂದು ತಿಳಿಯುವುದಿಲ್ಲ. ಅಂಗಡಿಯ ಸೋರಿಕೆ ಪುಡಿಗಳ ಕಥೆಯೂ ಅಷ್ಟೇ. ಹಿತ್ತಾಳೆ, ತಾಮ್ರದ ಹಳೆಯ ರೇಡಿಯೇಟರನ್ನು ಬೆಸುಗೆ ಹಾಕಿ ಉಳಿಸುವ ಕೈಗಳು ಹಾಸನ, ಚಿಕ್ಕಮಗಳೂರಿನ ಕಡೆ ಇನ್ನೂ ಇವೆ. ಜೀಪಿನವರು ಅದನ್ನು ಗುಜರಿಗೆ ಹಾಕುವ ಮೊದಲು ಅವರಿಗೆ ತೋರಿಸಲಿ. ಪ್ಲಾಸ್ಟಿಕ್ ತೊಟ್ಟಿ ಬಿರಿದರೆ ಅಂಟು ಹಚ್ಚುವುದು ವ್ಯರ್ಥ, ಹೊಸದೇ ಗತಿ.

ಥರ್ಮೋಸ್ಟಾಟ್ ಕಿತ್ತು ಹಾಕುವ ಚಟ ನಮ್ಮ ಕಸುಬಿನವರದೇ. 82 ಡಿಗ್ರಿಯ ಸುಮಾರಿಗೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಈ ಬಾಗಿಲು ಇಲ್ಲದಿದ್ದರೆ ಮಲೆನಾಡಿನ ಚಳಿಯಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಇಂಧನ ಹೆಚ್ಚು, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಅಡ್ಡದಾರಿಯ ಪೈಪ್ ಸದಾ ತೆರೆದಿದ್ದು, ಬಿಸಿನೀರು ರೇಡಿಯೇಟರಿಗೆ ಹೋಗದೆ ಸುತ್ತುತ್ತಾ ಗಾಡಿ ಇನ್ನಷ್ಟು ಕುದಿಯುತ್ತದೆ.

ಘಾಟಿಯಲ್ಲಿ ಕುದಿದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು: ನಿಲ್ಲಿಸಿ, ಕ್ಯಾಪ್ ಮುಟ್ಟಬೇಡಿ, ಅರ್ಧ ಗಂಟೆಯಾದರೂ ಕಾಯಿರಿ, ಕೆಂಡದಂಥ ಹೆಡ್ಡಿಗೆ ಹಳ್ಳದ ತಣ್ಣೀರು ಸುರಿದು ಬಿರುಕು ತರಿಸಬೇಡಿ. ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದಿದೆ. ಮೇಲೇರಿದ್ದ ಮುಳ್ಳು ಏರಿನ ನಡುವೆ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಂತೋಷಪಡಬೇಡಿ. ನೀರು ಪೂರ್ತಿ ಹೋಗಿ ಸೆನ್ಸರ್ ಬರಿಯ ಗಾಳಿಯಲ್ಲಿ ನಿಂತಿದ್ದಾಗಲೂ ಅದು ಹಾಗೆಯೇ ತೋರಿಸುತ್ತದೆ.

ದುರಸ್ತಿಯಾದ ಮೇಲೆ ಕೂಲೆಂಟನ್ನು ಅರ್ಧಕ್ಕರ್ಧ ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ತೋಟದ ಒರತೆಯ ನೀರು ಮೆದುವಾದರೂ ಅದೊಂದನ್ನೇ ತುಂಬಿದರೆ ತುಕ್ಕು ತಡೆಯದು. ತುಂಬುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ, ಹೀಟರ್ ಪೂರ್ತಿ ಬಿಸಿಗಿರಲಿ. ಸಿಕ್ಕಿಕೊಂಡ ಗಾಳಿ ಮೇಲೆ ಬರಲು ಇದೇ ದಾರಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ತೆಗೆದ ಹಳೆಯ ಕೂಲೆಂಟನ್ನು ಅಂಗಳಕ್ಕೆ, ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಆದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು ಗ್ಯಾರೇಜಿಗೇ ಕೊಡಿ.